ಪ್ಲಾಟ್ ತಗೊಳ್ಳೋದು ಸುಲಭ, ಪಾಲು ಕೇಳೋದು ಕಷ್ಟ

ಬಾಗಲಕೋಟೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೆಂಗಸರ ಮಾತು ಬದಲಾಗಿದೆ. ಮೊದಲು ಬಂಗಾರದ ಸುದ್ದಿಯೇ ಜಾಸ್ತಿ. ತೊಲಿ ಎಷ್ಟಾಯ್ತು, ಯಾವ ಅಂಗಡಿಯಲ್ಲಿ ಮಜೂರಿ ಕಡಿಮೆ, ಹಳೆ ಪಾಟ್ಲಿ ಮುರಿಸೋದಾ ಬೇಡವಾ. ಹತ್ತು ಗ್ರಾಂ ಲಕ್ಷ ದಾಟಿದ ಮೇಲೆ ಆ ಮಾತು ತಾನಾಗೇ ನಿಂತಿತು. ಈಗ ಊಟದ ಡಬ್ಬಿ ಬಿಚ್ಚಿದರೆ ಪ್ಲಾಟ್. ಗದ್ದನಕೇರಿ ಕ್ರಾಸ್ ಕಡೆ ಚದರಡಿ ಎಷ್ಟು ನಡೀತಿದೆ, ನವನಗರದ ಆಚೆಗಿನ ಹೊಸ ಲೇಔಟ್‌ಗೆ ಎನ್ಎ (ಹೊಲವನ್ನು ಬೇರೆ ಬಳಕೆಗೆ ಬದಲಿಸುವ ಆದೇಶ) ಆಗಿದೆಯಾ, ಇ-ಖಾತಾ ಬಂದಿದೆಯಾ, ಕಾರ್ನರ್ ಉಳಿದಿದೆಯಾ. ಇಷ್ಟೆಲ್ಲ ಮಾತಾಡುವವರು ಮೂವತ್ತರ ಆಸುಪಾಸಿನ ಹೆಣ್ಣುಮಕ್ಕಳು. ಕೆಲವರಿಗೆ ಮದುವೆಯಾಗಿದೆ, ಕೆಲವರಿಗೆ ಆಗಿಲ್ಲ. ಗಂಡಸರು ಆ ಕಡೆ ಟೇಬಲ್‌ನಲ್ಲಿ ಕ್ರಿಕೆಟ್ ಮಾತಾಡುತ್ತಿರುತ್ತಾರೆ.

ನೋಡಲು ಖುಷಿಯಾಗುತ್ತದೆ. ನಮ್ಮ ಅವ್ವಂದಿರ ಕಾಲದಲ್ಲಿ ಹೆಣ್ಣುಮಗಳು ತನ್ನ ದುಡ್ಡಲ್ಲಿ, ತನ್ನ ಹೆಸರಲ್ಲಿ ಜಾಗ ಕೊಳ್ಳೋದು ಅಂದರೆ ದೊಡ್ಡ ಸುದ್ದಿ. ಆದರೆ ಒಂದು ವಿಷಯ ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದೆ. ನನ್ನ ಗೆಳತಿಯೊಬ್ಬಳು ನವನಗರದ ಹತ್ತಿರ 30/40 ಪ್ಲಾಟ್ ತಗೊಂಡಳು. ರಿಜಿಸ್ಟರ್ ಆದ ಮರುದಿನ ಎಲ್ಲರಿಗೂ ಪೇಡೆ ಹಂಚಿದಳು. ಅದೇ ತಿಂಗಳು ಅವಳು ಒಂದು ದಿನ ಅರ್ಧ ರಜೆ ಹಾಕಿದ್ದಳು. ಏನಾಗಿತ್ತು ಅಂತ ಕೇಳಿದರೆ, 'ಏನಿಲ್ಲ, ಊರಾಗ ಒಂದು ಸಹಿ ಇತ್ತು' ಅಂದಳು. ಆ ಸಹಿ ಬೀಳಗಿ ತಾಲ್ಲೂಕಿನ ಅವರ ತವರಿನ ಎಂಟು ಎಕರೆ ಹೊಲದಲ್ಲಿ ತನಗಿರುವ ಹಕ್ಕು ಬಿಟ್ಟುಕೊಡುವ ಪತ್ರದ್ದು. ಪ್ಲಾಟ್‌ಗೆ ಪೇಡೆ ಹಂಚಿದವಳು ಇದನ್ನು ಯಾವುದೋ ಬ್ಯಾಂಕ್ ಕೆಲಸ ಮುಗಿಸಿ ಬಂದವಳ ಹಾಗೆ ಹೇಳಿ, ರೊಟ್ಟಿ ಮುರಿದು ಪಲ್ಲೆಗೆ ಹಚ್ಚಿಕೊಂಡಳು. ಆಮೇಲೆ ನಾನು ಸುಮ್ನೆ ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಪ್ಲಾಟ್ ಇರುವ ಬಹುತೇಕ ಎಲ್ಲರೂ ಇಂಥದ್ದೊಂದು ಸಹಿ ಮಾಡಿದ್ದರು. ಇಲ್ಲದಿದ್ದರೆ ಮಾಡುವುದಕ್ಕೆ ತಯಾರಿದ್ದರು.

ನಾವು ಪ್ಲಾಟ್ ತಗೊಳ್ಳುತ್ತಿರುವುದು ಆಸ್ತಿ ಬೇಕು ಅಂತಾನಾ, ಅಥವಾ ಅಣ್ಣತಮ್ಮಂದಿರ ಮುಂದೆ ನಿಂತು 'ನಂದೆಷ್ಟು' ಅಂತ ಕೇಳೋದು ತಪ್ಪಲಿ ಅಂತಾನಾ?

ಅತ್ತಿಯ ಲೆಕ್ಕ

ನಮ್ಮ ಮನೆಯಲ್ಲಿ ಈ ಸಹಿಯನ್ನು ನಾನು ಮೊದಲು ನೋಡಿದ್ದು ಪಿಯುಸಿಯಲ್ಲಿದ್ದಾಗ. ಅಜ್ಜ ತೀರಿಕೊಂಡು ವಾರಸಾ ಮಾಡಿಸುವ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ ನಡೆದಿತ್ತು. ಆಮೇಲೆ ಅಪ್ಪ ಮತ್ತು ಕಾಕಾನ ನಡುವೆ ವಾಟ್ನಿ, ಅಂದರೆ ಪಾಲು ಹಂಚಿಕೆ. ಅದಕ್ಕೆ ಮೊದಲು ಇಬ್ಬರು ಅತ್ತಿಯಂದಿರ ಸಹಿ ಬೇಕಿತ್ತು. ತಾಲ್ಲೂಕಿನ ನೋಂದಣಿ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಬಾಂಡ್ ರೈಟರ್ ಟೇಬಲ್ ಹಾಕಿಕೊಂಡು ಕೂತಿದ್ದ. ಅವನು ಪತ್ರವನ್ನು ಒಂದೇ ಉಸಿರಿನಲ್ಲಿ ಓದಿದ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನಾನಾಗಲಿ ನನ್ನ ವಾರಸುದಾರರಾಗಲಿ ಮುಂದೆ ಯಾವ ತಂಟೆ ತಕರಾರೂ ಮಾಡುವುದಿಲ್ಲ ಅಂತ. ದೊಡ್ಡ ಅತ್ತಿ ಸೆರಗು ತಲೆ ಮೇಲೆ ಎಳೆದುಕೊಂಡು ಎಲ್ಲದಕ್ಕೂ ಹೂಂ ಅಂದಳು. ಒಳಗೆ ಕ್ಯಾಮೆರಾ ಮುಂದೆ ಕೂರಿಸಿದಾಗ ಮಾತ್ರ ಕುಂಕುಮ ಸರಿ ಮಾಡಿಕೊಂಡಳು. ಹೆಬ್ಬೆಟ್ಟು ಒತ್ತಿ ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ಎಲ್ಲರಿಗೂ ಊಟ. ಮನೆಗೆ ಬಂದ ಮೇಲೆ ಇಬ್ಬರಿಗೂ ಇಳಕಲ್ ಸೀರೆ. ದೊಡ್ಡ ಅತ್ತಿಗೆ ಕೊಟ್ಟದ್ದು ಟೋಪ ಸೆರಗಿನದು. ಸಣ್ಣ ಅತ್ತಿ ಅದರ ಅಂಚು ಮುಟ್ಟಿ ನೋಡಿ, ತನ್ನದನ್ನೂ ಮುಟ್ಟಿ ನೋಡಿದಳು.

ದೊಡ್ಡವಳಾದ ಮೇಲೆ ಒಂದು ಪಂಚಮಿಗೆ ಅತ್ತಿ ಬಂದಾಗ ಕೇಳಿದೆ. ಯಾಕ ಸಹಿ ಮಾಡಿದಿ ಅಂತ. ಅವಳು ನನ್ನನ್ನೇ ಪೆದ್ದಿ ಅನ್ನುವ ಹಾಗೆ ನೋಡಿದಳು. 'ಹೊಲ ನನ್ನ ಹೆಸರಿಗಿ ಬಂದಿದ್ರ ನಿಮ್ಮ ಮಾಮಾ ಯಾವತ್ತೋ ಮಾರಿ ಬಿಡ್ತಿದ್ದ. ಇಲ್ಲಿದ್ರ ನಮ್ಮ ಅಣ್ಣನ ಕೈಯಾಗ ಇರತೈತಿ. ಹಬ್ಬಕ್ಕ ಕರಿಯಾಕ ಬರ್ತಾನ, ವರ್ಷಾ ಜ್ವಾಳ ಕಳಸ್ತಾನ, ನನ್ನ ಮಗಳ ಮದುವಿಗೆ ಮುಂದ ನಿಲ್ತಾನ. ಇನ್ನೇನ ಬೇಕ?' ಅಂದಳು. ಅಪ್ಪ ಅದಷ್ಟನ್ನೂ ಮಾಡಿದ. ಮಗಳ ಮದುವೆಗೆ ಮುಂದೆ ನಿಂತ. ಜೋಳದ ಚೀಲ ವರ್ಷ ತಪ್ಪದೆ ಹೋಯಿತು. ಹಾಗಾಗಿ ಅತ್ತಿಗೆ ಏನೂ ಗೊತ್ತಿರಲಿಲ್ಲ, ಅಮಾಯಕಳು ಅಂತ ಹೇಳುವವರ ಮಾತು ನನಗೆ ಹಿಡಿಸುವುದಿಲ್ಲ. ಅವಳಿಗೆ ತನ್ನ ಗಂಡನೂ ಗೊತ್ತಿದ್ದ, ಅಣ್ಣನೂ ಗೊತ್ತಿದ್ದ. ಹಕ್ಕು ಬಿಟ್ಟು ಭರವಸೆ ಕೊಂಡಳು.

ಆದರೆ ಆ ಭರವಸೆ ನಿಂತಿದ್ದು ಹೊಲ ಹೊಲವಾಗಿ ಉಳಿಯುತ್ತದೆ ಅನ್ನುವ ನಂಬಿಕೆಯ ಮೇಲೆ. ಜೋಳ ಬೆಳೆದರೆ ತಾನೇ ಜೋಳ ಕಳಿಸೋದು? ಕಾಕಾನ ಪಾಲಿಗೆ ಬಂದ ಹೊಲ ಈಗ ಲೇಔಟ್ ಆಗಿದೆ. ಕಲ್ಲು ನೆಟ್ಟು ನಂಬರ್ ಬರೆದಿದ್ದಾರೆ. ಅದರ ದುಡ್ಡಿನಲ್ಲಿ ಕಾಕಾನ ಮಗ ಕಾರ್ ತಗೊಂಡಿದ್ದಾನೆ, ಹುಬ್ಬಳ್ಳಿಯಲ್ಲಿ ಫ್ಲಾಟ್ ತಗೊಂಡಿದ್ದಾನೆ. ಅತ್ತಿಯ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಕಾನೂನು ಹೇಗಿದೆ ಅಂತ ನಮ್ಮ ಕಡೆ ಈಗ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಸಿಕ್ಕಿತು. ಆ ದಿನ ತಂದೆ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂದಿತು. ಕಾನೂನು ಗಟ್ಟಿಯಾದಷ್ಟೂ ನಮ್ಮಲ್ಲಿ ಸಹಿ ಮಾಡಿಸಿಕೊಳ್ಳುವುದು ಹೆಚ್ಚಾಯಿತು. ಮೊದಲು ಹೆಣ್ಣುಮಕ್ಕಳನ್ನು ಕೇಳುತ್ತಲೇ ಇರಲಿಲ್ಲ. ಈಗ ಕೇಳಲೇಬೇಕು, ಅದಕ್ಕೇ ಕಾರ್ ಕಳಿಸಿ ಕರೆಸಿಕೊಳ್ಳುತ್ತಾರೆ.

ಉತಾರದಲ್ಲಿ ಇಲ್ಲದವರು

ಬೇರೆ ಊರಿನವರಿಗೆ ಆಸ್ತಿಪತ್ರದಲ್ಲಿ ಹೆಸರು ಅನ್ನೋದು ಕಪಾಟಿನಲ್ಲಿ ಇಡುವ ವಿಷಯ. ಬಾಗಲಕೋಟೆಯವರಿಗೆ ಹಾಗಲ್ಲ. ಇಲ್ಲಿ ಮನೆ, ಹೊಲ ನೀರಲ್ಲಿ ಮುಳುಗುತ್ತವೆ. ಉಳಿಯುವುದು ಉತಾರ ಮಾತ್ರ, ಜಾಗ ಯಾರ ಹೆಸರಿಗಿದೆ ಅಂತ ಹೇಳುವ ಸರ್ಕಾರಿ ದಾಖಲೆ. ಆಲಮಟ್ಟಿ ಹಿನ್ನೀರು ಬಂದಾಗ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದವು. ನನ್ನ ಅವ್ವನ ಅವ್ವ, ನಮ್ಮ ಆಯಿ, ಅಂಥ ಒಂದು ಓಣಿಯವಳು. ಆ ಮನೆಯ ಗೋಡೆಗೆ ವರ್ಷಾವರ್ಷ ಸುಣ್ಣ ಬಳಿದವಳು ಅವಳು. ಹಿತ್ತಲಿನಲ್ಲಿ ಎಮ್ಮೆ ಕಟ್ಟಿ ಹಾಲು ಮಾರಿ ಮೇಲಿನ ಖೋಲಿ ಕಟ್ಟಿಸಿದವಳೂ ಅವಳೇ. ಪರಿಹಾರದ ನೋಟಿಸ್ ಬಂದಿದ್ದು ಅಜ್ಜನ ಹೆಸರಿಗೆ. ಅಜ್ಜ ಇರಲಿಲ್ಲ. ಆಮೇಲೆ ಅದು ಗಂಡುಮಕ್ಕಳ ಹೆಸರಿಗೆ ಬಂತು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಪ್ಲಾಟೂ ಅವರ ಹೆಸರಿಗೇ. ಆಯಿ ಕೊನೆಯವರೆಗೂ ಆ ಹೊಸ ಮನೆಯನ್ನು 'ನಮ್ಮ ಹಿರಿಯನ ಮನಿ' ಅಂತಲೇ ಕರೆಯುತ್ತಿದ್ದಳು. ಹಿರಿಯ ಅಂದರೆ ಹಿರಿ ಮಗ. ಅವಳು ಅಲ್ಲಿ ಹದಿನೈದು ಚಿಲ್ಲರೆ ವರ್ಷ ಇದ್ದಳು, ಅತಿಥಿಯ ಹಾಗೆ.

ಈಗ ಮತ್ತೆ ಆ ಕಾಲ ಬಂದಿದೆ. ಆಲಮಟ್ಟಿ ನೀರಿಗೆ ಇನ್ನಷ್ಟು ಹೊಲ ಮುಳುಗುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಪರಿಹಾರದ ದರ ನಿಗದಿ ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ಆ ಸುದ್ದಿ ಬಂದ ವಾರವೇ ನಮ್ಮ ಪರಿಚಯದ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರಿಗೆ ಫೋನ್ ಹೋಯಿತು. ಆರಾಮ ಅದೀಯೇನ್ ಅಂತ ಶುರುವಾಗಿ ಆಧಾರ್ ಕಾರ್ಡಿಗೆ ಬಂದು ನಿಲ್ಲುವ ಫೋನು. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ತಲಾಠಿ ಹತ್ತಿರ ಹೋದವರೂ ಇದ್ದಾರೆ. ನನ್ನ ದೊಡ್ಡವ್ವನ ಮಗಳೊಬ್ಬಳು ಮಾತ್ರ ಸಹಿ ಮಾಡಲ್ಲ ಅಂದಳು. ಜಗಳ ಆಡಲಿಲ್ಲ, ವಕೀಲರ ನೋಟಿಸ್ ಕೊಡಲಿಲ್ಲ. ನನ್ನ ಹೆಸರೂ ಇರಲಿ, ದುಡ್ಡು ಬಂದಾಗ ನನ್ನ ಖಾತೆಗೂ ಬರಲಿ ಅಂದಳು, ಅಷ್ಟೇ. ಆಮೇಲೆ ಬಂದ ಪಂಚಮಿಗೆ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಅವಳ ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಗೆ ತುಂಬಿ, ಸೊಸೆಯರಿಗೆ ಗೊತ್ತಾಗದ ಹಾಗೆ ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದಳು. ಎಂಬತ್ತರ ಹತ್ತಿರದ ಆ ಮುದುಕಿ ಬಸ್‌ಸ್ಟಾಪಿಗೆ ಒಬ್ಬಳೇ ನಡೆದು ಹೋಗಿದ್ದಳಂತೆ.

ತಮಾಷೆ ನೋಡಿ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. 2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರವೂ ಯಜಮಾನಿಯ ಖಾತೆಗೆ. ಸರ್ಕಾರದ ಲೆಕ್ಕದಲ್ಲಿ ನಮ್ಮ ಅವ್ವ ಮನೆಯ ಯಜಮಾನಿ. ಅದೇ ಮನೆಯ ಸಿಟಿ ಸರ್ವೆ ಉತಾರ ತೆಗೆದು ನೋಡಿದರೆ ಅವಳ ಸುಳಿವೂ ಇಲ್ಲ.

ಸರ್ ಯಾವಾಗ ಬರ್ತಾರ್ರಿ?

ನಾನು ಪ್ಲಾಟ್ ತಗೊಂಡಿದ್ದು ಮನೆ ಕಟ್ಟುವ ಆಸೆಗಿಂತ ಬಾಡಿಗೆ ಮನೆಗಳ ಬೇಸರಕ್ಕೆ. ವಿದ್ಯಾಗಿರಿಯಲ್ಲಿ ಒಬ್ಬಳೇ ಇರುವ ಹೆಣ್ಣುಮಗಳಿಗೆ ಮನೆ ಕೊಡುವವರು ಮೊದಲು ಕೇಳುವುದು 'ಫ್ಯಾಮಿಲಿನಾ?' ಅಂತ. ಅವ್ವ ಬಂದು ಹೋಗಿ ಮಾಡ್ತಾಳೆ ಅಂದರೆ ಅರ್ಧ ಮನಸ್ಸು. ರಾತ್ರಿ ಎಂಟಕ್ಕೆ ಗೇಟ್ ಹಾಕುತ್ತೇವೆ ಅನ್ನುವವರು, ನೆಂಟರು ಅಂತ ಗಂಡಸರು ಬಂದರೆ ಮೊದಲೇ ಹೇಳಬೇಕು ಅನ್ನುವವರು. ಹಾಗಾಗಿ ಭಿಶಿ (ಚೀಟಿ) ಎತ್ತಿದ ದುಡ್ಡು, ಠೇವಣಿ ಮುರಿಸಿದ್ದು ಎಲ್ಲ ಸೇರಿಸಿ ಹುಡುಕಲು ಶುರು ಮಾಡಿದೆ.

ರವಿವಾರ ಲೇಔಟ್ ನೋಡಲು ಹೋಗೋದು ಬೇರೆಯೇ ಲೋಕ. ಎರಿ ಮಣ್ಣು, ಗಾಳಿ, ನಡುವೆ ಒಂದು ಕಮಾನು, ಅದಕ್ಕೆ ಯಾವುದೋ ದೇವರ ಹೆಸರು. ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು. ರಸ್ತೆ ಅಂತ ತೋರಿಸಿದ ಕಡೆ ಇನ್ನೂ ಕಡಲೆಯ ಬುಡಗಳಿದ್ದವು. ನಾನು ಗೆಳತಿಯ ಜೊತೆ ಸ್ಕೂಟಿಯಲ್ಲಿ ಹೋಗಿದ್ದೆ. ಏಜೆಂಟ್ ಹುಡುಗ ಚೇರ್ ಹಾಕಿ, ನೀರು ಕೊಟ್ಟು, 'ಮೇಡಂ, ಸರ್ ಯಾವಾಗ ಬರ್ತಾರ್ರಿ?' ಅಂದ. ಯಾವ ಸರ್ ಅಂದೆ. 'ಅಲ್ರಿ, ಡಿಸೈಡ್ ಮಾಡಾವ್ರು...' ಅಂತ ನಿಲ್ಲಿಸಿದ. ಮುಂದಿನ ಸಲ ತಮ್ಮನನ್ನು ಕರೆದುಕೊಂಡು ಹೋದೆ. ಆಗ ನನಗಿಂತ ಎಂಟು ವರ್ಷ ಸಣ್ಣವನ ಮುಂದೆ ನಕ್ಷೆ ಬಿಡಿಸಿದರು. ಅವನಿನ್ನೂ ಡಿಗ್ರಿ ಕೊನೆಯ ವರ್ಷ. ಸಾಲ ಕಟ್ಟುವುದು ನಾನು ಅಂತ ಹೇಳಿದ ಮೇಲೂ ರೇಟು ಅವನಿಗೇ ಹೇಳುತ್ತಿದ್ದರು. ಪಾಪ, ಅವನು ಪ್ರತಿ ಸಲ ನನ್ನ ಕಡೆ ತಿರುಗುತ್ತಿದ್ದ.

ಕಾಗದ ಪತ್ರ ನೋಡುವುದನ್ನು ನಾನು ಈ ಹುಡುಕಾಟದಲ್ಲೇ ಕಲಿತೆ. ಎಲ್ಲ ಬರೆಯಲು ಹೋಗಲ್ಲ. ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಗುಂಟೆ ಪ್ಲಾಟ್‌ನಲ್ಲಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಎಕರೆಗೆ ನಲವತ್ತು. ಹೊಲವನ್ನು ಹಾಗೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುತ್ತಾರೆ. ಎನ್ಎ ಆದೇಶ ಇರುವುದಿಲ್ಲ, ಲೇಔಟ್ ಮಂಜೂರಾತಿ ಇರುವುದಿಲ್ಲ, ಇ-ಖಾತಾ ಆಗುವುದಿಲ್ಲ. ರೇಟು ಮಾತ್ರ ಅರ್ಧ. ಕಡಿಮೆ ಉಳಿತಾಯ ಇರುವ ಹೆಣ್ಣುಮಕ್ಕಳಿಗೆ, ಅಂಗನವಾಡಿ ಟೀಚರಿಗೆ, ನರ್ಸಿಗೆ ಇದನ್ನೇ ತೋರಿಸುತ್ತಾರೆ. ಐನೂರು ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. ಕೇಳಿದ ತಕ್ಷಣ ಏಜೆಂಟ್ ಮುಖ ಹೇಗಾಗುತ್ತದೆ ಅಂತಲೂ ನೋಡಿ.

ಇನ್ನೊಂದು ಕಷ್ಟ ಸಂಬಳದವರದ್ದು. ಮಾರುವವನಿಗೆ ನಗದು ಬೇಕು. ಸರ್ಕಾರಿ ದರಕ್ಕೆ ಖರೀದಿ ಪತ್ರ, ಉಳಿದದ್ದು ಕೈಯಲ್ಲಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ ಅಂತ 2015ರಲ್ಲೇ ನಿಯಮ ಬಂದಿದೆ. ಆದರೂ ನಡೆಯುತ್ತದೆ. ನಮ್ಮಂಥವರ ಹತ್ತಿರ ಇರುವುದೆಲ್ಲ ಬ್ಯಾಂಕಿನಲ್ಲಿ. ಬ್ಯಾಂಕು ಸಾಲ ಕೊಡುವುದು ಕಾಗದದ ಮೇಲಿನ ಬೆಲೆಗೆ. ಬರೀ ಪ್ಲಾಟ್‌ಗೆ ಅಂದರೆ ಮನೆಗಿಂತ ಕಡಿಮೆ ಕೊಡುತ್ತದೆ, ಇಷ್ಟು ವರ್ಷದೊಳಗೆ ಕಟ್ಟಿಸಿ ಅನ್ನುತ್ತದೆ. ಕೆಲವು ಬ್ಯಾಂಕುಗಳು ಹೆಂಗಸರಿಗೆ ಬಡ್ಡಿಯಲ್ಲಿ ಶೇ 0.05 ಕಡಿಮೆ ಮಾಡುತ್ತವೆ. ಅದನ್ನು ದೊಡ್ಡ ಬೋರ್ಡಿನಲ್ಲಿ ಗುಲಾಬಿ ಅಕ್ಷರದಲ್ಲಿ ಬರೆದಿರುತ್ತಾರೆ. ಲೆಕ್ಕ ಹಾಕಿದರೆ ತಿಂಗಳಿಗೆ ಒಂದೆರಡು ಪ್ಲೇಟ್ ಗಿರಮಿಟ್ಟಿನ ದುಡ್ಡೂ ಉಳಿಯುವುದು ಕಷ್ಟ. ನಿಜವಾಗಿ ಉಳಿಯುವುದು ಮುದ್ರಾಂಕ ಶುಲ್ಕದಲ್ಲಿ ಕಡಿಮೆ ಮಾಡಿದರೆ. ಗಡಿಯಾಚೆ ಸೊಲ್ಲಾಪುರದಲ್ಲಿ ಹೆಣ್ಣುಮಗಳ ಹೆಸರಿಗೆ ಮನೆ ಕೊಂಡರೆ 2021ರಿಂದ ಶೇ 1 ಕಡಿಮೆ. ಈ ಕಡೆ ನಮಗೆ ಅಂಥದ್ದೇನಿಲ್ಲ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿದರೆ ಸುಮಾರು ಶೇ 7.6. ಹದಿನೈದು ಲಕ್ಷದ ಪ್ಲಾಟ್‌ಗೆ ಒಂದು ಲಕ್ಷದ ಹದಿನಾಲ್ಕು ಸಾವಿರ.

ಕೊನೆಗೆ ಒಂದು ಪ್ಲಾಟ್ ಹೊಂದಿತು. ದಾಖಲೆಗಳ ಕಟ್ಟನ್ನು ವಕೀಲರ ಹತ್ತಿರ ಒಯ್ದೆ. ಅವರು ಹಳೆ ಉತಾರ, ವಾರಸಾ, ಎನ್ಎ ಆದೇಶ, ಋಣಭಾರ ಪತ್ರ ಒಂದೊಂದೇ ತಿರುವುತ್ತ ಬಂದರು. ಒಂದು ಪುಟದ ಹತ್ತಿರ ನಿಂತು ಕನ್ನಡಕ ಮೇಲೆ ಮಾಡಿ, 'ಹಾಂ, ಚೊಲೋ ಆತು. ಅಕ್ಕತಂಗ್ಯಾರ ಹಕ್ಕುಬಿಡುಗಡೆ ಐತಿ. ಟೈಟಲ್ ಕ್ಲಿಯರ್. ಆರಾಮ ತಗೋಳ್ರಿ' ಅಂದರು. ನಾನೂ ಆ ಪುಟ ನೋಡಿದೆ. ಆ ಹೊಲ ಮಾರಿದವನಿಗೆ ಮೂವರು ಅಕ್ಕತಂಗಿಯರು. ಮೂವರ ಫೋಟೋ, ಪಕ್ಕದಲ್ಲಿ ಹೆಬ್ಬೆಟ್ಟು. ಇಬ್ಬರು ತಲೆ ಮೇಲೆ ಸೆರಗು ಹೊದ್ದವರು. ಮೂರನೆಯವಳು ಸಣ್ಣವಳು, ನನ್ನ ವಯಸ್ಸಿನವಳೇ ಇರಬೇಕು. ಅವಳದ್ದು ಹೆಬ್ಬೆಟ್ಟಿನ ಜೊತೆ ಸಹಿಯೂ ಇತ್ತು, ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ.

ಬಾಗಲಕೋಟೆ ಸುತ್ತ ಎಲ್ಲೇ ಲೇಔಟ್‌ನಲ್ಲಿ ಪ್ಲಾಟ್ ತಗೊಳ್ಳಿ, ಮೂಲಪತ್ರದ ಹಿಂದೆ ಹಿಂದೆ ಹೋಗಿ. ಎಲ್ಲೋ ಒಂದು ಕಡೆ ಇಂಥ ಪುಟ ಸಿಗುವುದೇ ಹೆಚ್ಚು. ಅದು ಸಿಗದಿದ್ದರೆ ವಕೀಲರು ತಗೋಬ್ಯಾಡ್ರಿ ಅನ್ನುತ್ತಾರೆ, ಬ್ಯಾಂಕು ಸಾಲ ಕೊಡುವುದಿಲ್ಲ. ಅಂದರೆ ನನ್ನಂಥವಳು ಧೈರ್ಯವಾಗಿ ಆಸ್ತಿ ಕೊಳ್ಳಬೇಕಾದರೆ ಇನ್ಯಾರೋ ನನ್ನಂಥವಳು ಮೊದಲು ಬಿಟ್ಟುಕೊಟ್ಟಿರಬೇಕು. ನಾನು ಪ್ಲಾಟ್ ತಗೊಂಡೆ. ತಗೊಂಡದ್ದಕ್ಕೆ ಬೇಸರವೂ ಇಲ್ಲ. ಆದರೆ 'ಹೆಣ್ಣುಮಕ್ಕಳು ಆಸ್ತಿ ಮಾಡ್ತಿದ್ದಾರೆ, ಕಾಲ ಬದಲಾಯ್ತು' ಅಂತ ಯಾರಾದರೂ ಹೇಳಿದಾಗ ನನಗೆ ಆ ದುಂಡಗಿನ ಸಹಿ ನೆನಪಾಗುತ್ತದೆ.

ಗೆಳತಿಯ ಹತ್ತಿರ ಇದನ್ನು ಹೇಳಿದಾಗ ಅವಳು ಒಪ್ಪಲಿಲ್ಲ. ಕೇಳಿ ತಗೊಂಡ ಎಕರೆಗಿಂತ ದುಡಿದು ತಗೊಂಡ ಗುಂಟೆ ಮೇಲು, ಯಾರ ಹಂಗೂ ಇಲ್ಲ ಅಂದಳು. ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಮಾಡಿದೆವು. ಎಂಟು ಎಕರೆಯಲ್ಲಿ ಅವಳ ಪಾಲು ಎರಡು ಎಕರೆ ಬರುತ್ತಿತ್ತು. ಮುಳುಗಡೆಗೆ ಹೋಗುವ ಹೊಲ. ಒಣಬೇಸಾಯದ ದರ ಹಿಡಿದರೂ 60 ಲಕ್ಷ. ಅದನ್ನು ಬಿಟ್ಟು ಹದಿನೈದು ಲಕ್ಷದ ಪ್ಲಾಟ್‌ಗೆ ಹನ್ನೆರಡು ವರ್ಷ ಕಂತು ಕಟ್ಟುತ್ತಾಳೆ. ಅವಳ ಅಣ್ಣನಿಗೆ ಕಂತಿಲ್ಲ. ಅವನಿಗೆ ಹಂಗಿನ ಯೋಚನೆಯೂ ಇಲ್ಲ. ಅಪ್ಪನ ಆಸ್ತಿ ತಗೊಂಡರೆ ಗಂಡುಮಗನಿಗೆ ಅದು ಸಹಜ, ಹೆಣ್ಣುಮಗಳಿಗೆ ಹಂಗು. ಲೆಕ್ಕ ಮುಗಿದ ಮೇಲೆ ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋಗ್ಲಿ ಬಿಡು, ಅವನ ಮಕ್ಕಳೂ ನಮ್ಮವ' ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಪ್ರೀತಿಯನ್ನು ಲೆಕ್ಕದಲ್ಲಿ ಹಿಡಿಯಲು ಬರುವುದಿಲ್ಲ, ನಿಜ. ಆದರೆ ಪ್ರತಿ ಸಲ ಅದನ್ನು ತೋರಿಸಬೇಕಾದವರು ನಾವೇ ಯಾಕೆ?

ನನ್ನ ಅಪ್ಪ ಇದ್ದಾರೆ, ಅವರ ಪಾಲಿಗೆ ಬಂದ ಹೊಲದ ವಾಟ್ನಿ ಮಕ್ಕಳಾದ ನಮ್ಮ ನಡುವೆ ಇನ್ನೂ ಆಗಿಲ್ಲ. ಆದಾಗ ನನ್ನ ಪಾಲು ಕೇಳುತ್ತೇನೆ ಅಂತ ಮೊನ್ನೆ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ಎಲಿ ಅಡಿಕೆ ಹಾಕಿಕೊಳ್ಳುತ್ತ, 'ನಿಂಗ ಪ್ಲಾಟ್ ಐತಲ್ಲವಾ' ಅಂದರು.

ಉತ್ತರವೂ ಚೊಲೋನ

ಪ್ಲಾಟ್ ಬಂದ ಮೇಲೆ ನನ್ನ ಬಯೋಡಾಟಾದಲ್ಲಿ ಒಂದು ಸಾಲು ಹೆಚ್ಚಾಯಿತು. ನಾನು ಸೇರಿಸಿದ್ದಲ್ಲ. ಮಧ್ಯಸ್ಥಿಕೆ ಮಾಡುವವರು ಸೇರಿಸಿದ್ದು. ಎತ್ತರ, ಓದು, ಪಗಾರ, ಆಮೇಲೆ 'ಸ್ವಂತ ಪ್ಲಾಟ್ ಇದೆ'. ಜಮಖಂಡಿ ಕಡೆಯಿಂದ ಒಂದು ಮನೆಯವರು ಕನ್ಯಾ ನೋಡಲು ಬಂದರು. ಒಗ್ಗರಣೆ ಅವಲಕ್ಕಿ, ಚಹಾ ಆಯಿತು. ಹುಡುಗ ಕೆಳಗೆ ನೋಡುತ್ತ ಕೂತಿದ್ದ. ಮಾತಾಡಿದ್ದು ಅವನ ಸೋದರಮಾವ.

'ಪ್ಲಾಟ್ ಐತಂತಲ್ಲವಾ ನಿನ್ನ ಹೆಸರ್ಲೆ?'

'ಹೂಂರಿ.'

'ಪೂರ್ವಕ್ಕ ಮುಖ ಐತೇನ?'

'ಉತ್ತರಕ್ಕರಿ.'

'ಉತ್ತರಾನೂ ಚೊಲೋನ. ಕುಬೇರನ ದಿಕ್ಕು. ಸಾಲ ಎಷ್ಟ ಉಳದೈತಿ?'

ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು. 'ಮದುವಿ ಆದ ಮ್ಯಾಲ ಕಂತ ಯಾರ ಕಟ್ಟಾವ್ರು?' ಅಪ್ಪ ಕಿಟಕಿ ಕಡೆ ನೋಡಿದರು. ನಾನ ಕಟ್ತೀನ್ರಿ ಅಂದೆ. 'ಹಂಗಾದ್ರ ಪಗಾರೆಲ್ಲಾ ಅದಕ್ಕ ಹೋಗತೈತಿ' ಅಂತ ಅವರು ತಮ್ಮಷ್ಟಕ್ಕೇ ಅಂದುಕೊಂಡರು. ಎರಡು ದಿನ ಬಿಟ್ಟು ಮಧ್ಯಸ್ಥರ ಫೋನ್ ಬಂತು. ಹುಡುಗಿ ಒಪ್ಪಿಗೆ. ಮದುವೆಗೆ ಮೊದಲು ಹುಡುಗಿಯ ತಂದೆ ಸಾಲ ಮುಟ್ಟಿಸಿದರೆ ಒಳ್ಳೆಯದು. ಆಮೇಲೆ ಪ್ಲಾಟ್‌ಗೆ ಹುಡುಗನ ಹೆಸರೂ ಸೇರಿಸಿ ಜಾಯಿಂಟ್ ಮಾಡಿಸಿದರೆ ಇನ್ನೂ ಒಳ್ಳೆಯದು. ಕೊನೆಗೆ ಅವರು ಹೇಳಿದ್ದು: 'ವರದಕ್ಷಿಣಿ ಏನೂ ಬ್ಯಾಡ ಅಂದಾರ್ರಿ. ಭಾಳ ಸಜ್ಜನ ಮಂದಿ.'

ಆ ಸಂಬಂಧ ಮುಂದುವರಿಯಲಿಲ್ಲ. ಆದರೆ ಇದು ನನ್ನೊಬ್ಬಳ ಕಥೆಯಲ್ಲ. ಬೇಡ ಅಂದವರೂ, ಬಾಯಿ ಬಿಟ್ಟು ಕೇಳದವರೂ ಹುಡುಗಿಯ ಹೆಸರಿನ ಜಾಗವನ್ನು ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಾರೆ. ವರದಕ್ಷಿಣೆಗೆ 1961ರಿಂದ ಕಾನೂನಿದೆ. ಹುಡುಗಿ ತಾನೇ ದುಡಿದು ಕೊಂಡು ತಂದರೆ ಅದಕ್ಕೆ ಯಾವ ಕಾನೂನು? ಇದಕ್ಕೆ ಹೆದರಿ ಪ್ಲಾಟ್ ಇರುವ ಸುದ್ದಿಯನ್ನೇ ಮುಚ್ಚಿಡುವವರಿದ್ದಾರೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಅಡ್ಡಹೆಸರು ಬದಲಾಯಿಸಿಕೊಂಡು, ಖಾತೆಯಲ್ಲಿ ಹಳೆ ಹೆಸರು ಹಾಗೇ ಉಳಿದು, ಮುಂದೆ ಮಾರುವಾಗ ಇವಳೇ ಅವಳು ಅಂತ ಅಫಿಡವಿಟ್ ಮಾಡಿಸಿಕೊಂಡು ಓಡಾಡುವವರೂ ಇದ್ದಾರೆ.

ನನ್ನ ನಂತರ

ಈ ಓಡಾಟದಲ್ಲೇ ಒಂದು ವಿಷಯ ತಿಳಿಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದೂ ಹೆಣ್ಣುಮಗಳು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವಳ ಆಸ್ತಿ ಯಾರಿಗೆ ಅನ್ನುವುದನ್ನು 1956ರ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರಾದ ಮೇಲೆ ಅವಳ ಅಪ್ಪ ಅವ್ವ. ತವರಿನಿಂದ ವಾರಸಾ ಆಗಿ ಬಂದ ಆಸ್ತಿಗೆ ಬೇರೆ ನಿಯಮ. ಮಕ್ಕಳಿಲ್ಲದಿದ್ದರೆ ಅದು ತಿರುಗಿ ಅಪ್ಪನ ಕಡೆಯವರಿಗೇ ಹೋಗುತ್ತದೆ. ಸ್ವಂತ ದುಡಿಮೆಯದ್ದು ಹಾಗಲ್ಲ, ಗಂಡನ ಕಡೆಗೆ ಹೋಗುತ್ತದೆ.

ಓಂಪ್ರಕಾಶ್ ಮತ್ತು ರಾಧಾಚರಣ್ ನಡುವಿನ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ತೀರ್ಪು ಕೊಟ್ಟಿತು. ಆ ಹೆಣ್ಣುಮಗಳು 1955ರಲ್ಲಿ ಮದುವೆಯಾದಳು. ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು. ನೌಕರಿ ಮಾಡಿದಳು, ಉಳಿಸಿದಳು. 1996ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡಳು. ಬ್ಯಾಂಕಿನ ಹಣ, ಪಿಎಫ್ ಎಲ್ಲ ಹೋಗಿದ್ದು ಸಾಕಿದ ಅವ್ವನ ಕಡೆಗಲ್ಲ, ನಲವತ್ತು ವರ್ಷ ತಿರುಗಿ ನೋಡದ ಗಂಡನ ಕಡೆಯವರಿಗೆ. ಅನುಕಂಪ ಬೇರೆ, ಕಾನೂನು ಬೇರೆ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಓದಿದ ರಾತ್ರಿ ನನಗೆ ಸಿಟ್ಟು ಬಂತು. ಬೆಳಿಗ್ಗೆ ಮೃತ್ಯುಪತ್ರ ಬರೆಯಲು ಕೂತೆ.

ಅದು ಅಂದುಕೊಂಡಷ್ಟು ದೊಡ್ಡ ಕೆಲಸ ಅಲ್ಲ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಗಟ್ಟಿ. ಇಬ್ಬರು ಸಾಕ್ಷಿ ಬೇಕು, ಅವರಿಗೆ ಆ ಆಸ್ತಿಯಲ್ಲಿ ಏನೂ ಬರದಿದ್ದರೆ ಒಳ್ಳೆಯದು. ಪ್ಲಾಟ್ ಅವ್ವನಿಗೆ, ಅವ್ವ ಇಲ್ಲದಿದ್ದರೆ ತಂಗಿಗೆ ಅಂತ ಬರೆದೆ. ಮದುವೆಯಾದರೆ, ಮಕ್ಕಳಾದರೆ ಬದಲಾಯಿಸಬಹುದು. ಕೊನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸಾಕ್ಷಿ ಸಹಿಗೆ ಸ್ಟಾಫ್ ರೂಮಿನಲ್ಲೇ ಕೇಳಿದೆ. ಗೆಳತಿ ತಕ್ಷಣ ಮಾಡಿದಳು. ಇನ್ನೊಂದು ಸಹಿಗೆ ರಿಟೈರ್‌ಮೆಂಟ್ ಹತ್ತಿರ ಬಂದಿರುವ ಹಿರಿಯ ಮೇಡಂ ಹತ್ತಿರ ಹೋದೆ. ಹಾಳೆ ನೋಡಿ ಗಾಬರಿಯಾದರು. 'ಈ ವಯಸ್ಸಿನ್ಯಾಗ ಮೃತ್ಯುಪತ್ರ ಏನವಾ, ಅಪಶಕುನ' ಅಂತ ಬೈದರು. ಬೈಯುತ್ತಲೇ ಪೆನ್ ತೆಗೆದು, ಪೂರ್ತಿ ವಿಳಾಸ ಬರೆದು, ದಿನಾಂಕ ಹಾಕಿ ಸಹಿ ಮಾಡಿದರು. ನಾನು ಹಾಳೆ ತಗೊಂಡು ಬಾಗಿಲ ಹತ್ತಿರ ಬಂದಿದ್ದೆ. ಹಿಂದಿನಿಂದ ಕರೆದು, ಆ ಕಡೆ ಟೇಬಲ್‌ನವರಿಗೆ ಕೇಳದ ಹಾಗೆ ಹೇಳಿದರು: 'ಅದರ ಫಾರ್ಮ್ಯಾಟ್ ನನಗ ವಾಟ್ಸಾಪ್ ಮಾಡು. ಕೆರೂರ ರೋಡಿಗೆ ನಂದೂ ಒಂದ ಪ್ಲಾಟ್ ಐತಿ. ಮನ್ಯಾಗ ಹೇಳಿಲ್ಲ.'